ನೂಹ್(ಅ)ರ ನಾವೆ ಹತ್ತಿದವರು ಯಾರು?



2019ರ ಆಗಸ್ಟ್ ತಿಂಗಳ ಎರಡನೇ ವಾರವನ್ನು ನಮ್ಮ ತೊರಗಲ್ ನಾಡಿನವರು ಯಾರೂ ಮರೆತಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಬೆಟ್ಟಗಳಲ್ಲಿ ಸುರಿದ ಮಳೆ ಮಲಪ್ರಭೆಯಾಗಿ ಹರಿದು ಬಂದು, ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಜಲಾಶಯ ತುಂಬಿತು. ಗೇಟು ತೆರೆಯದೆ ಬೇರೆ ದಾರಿ ಇರಲಿಲ್ಲ. ಮುನವಳ್ಳಿ, ರಾಮದುರ್ಗ ಮತ್ತು ದಂಡೆಯ ಎಷ್ಟೋ ಹಳ್ಳಿಗಳಿಗೆ ನೀರು ನುಗ್ಗಿತು. ಆಗಸ್ಟ್ 9 ಶುಕ್ರವಾರ, 12 ಸೋಮವಾರ ಬಕ್ರೀದ್. ಆ ಸಲ ಹಬ್ಬದ ದಿನ ಹೊಸ ಬಟ್ಟೆಯ ಮಾತಿರಲಿ, ಒಣಗಿದ ಬಟ್ಟೆ ಸಿಕ್ಕರೆ ಸಾಕು ಎನ್ನುವ ಸ್ಥಿತಿಯಲ್ಲಿ ಅನೇಕ ಕುಟುಂಬಗಳು ಇದ್ದವು.

ಮುಂದಿನ ಶುಕ್ರವಾರ ನಾನು ಜುಮಾ ಖುತ್ಬಾಕ್ಕೆ ಮುಂಚಿನ ಬಯಾನ್‌ನಲ್ಲಿ ಪ್ರವಾದಿ ನೂಹ್(ಅ)ರ ಪ್ರಳಯದ ವೃತ್ತಾಂತ ಹೇಳಿದೆ. ವಿಷಯ ಸಮಯಕ್ಕೆ ಸರಿಯಾಗಿದೆ ಎಂದು ನನಗೆ ಅನಿಸಿತ್ತು. ಪಾಪ ಹೆಚ್ಚಿದಾಗ ನೀರು ಬರುತ್ತದೆ, ಅಂದೂ ಬಂತು, ಇಂದೂ ಬಂತು ಎಂದು ಜೋರಾಗಿಯೇ ಹೇಳಿದೆ. ನಮಾಜು ಮುಗಿದು ಜನ ಹೊರಟ ಮೇಲೆ ಒಬ್ಬ ಹಿರಿಯರು ಹಿಂದಿನ ಸಾಲಿನಲ್ಲಿಯೇ ಕೂತಿದ್ದರು. ಗಾದಿ ಹೊಲಿದು ಸಂಸಾರ ನಡೆಸಿದವರು. ಮಣ್ಣಿನ ಗೋಡೆಯ ಮನೆ ಕುಸಿದಿತ್ತು, ಕೂಡಿಟ್ಟ ಹತ್ತಿ ಕೆಸರಾಗಿತ್ತು. ಅವರು ಸಿಟ್ಟಿನಿಂದ ಕೇಳಲಿಲ್ಲ, ಮೆಲ್ಲಗೆ ಕೇಳಿದರು: "ಹಜರತ್, ಮ್ಯಾಲಿನ ಓಣಿಗೆ ನೀರು ಬರಲಿಲ್ಲ. ಕೆಳಗಿನ ಓಣಿ ಅಷ್ಟ ಮುಳುಗಿತು. ಹಂಗಾದ್ರ ಪಾಪ ಮಾಡಿದವ್ರು ನಾವ ಅಷ್ಟ ಏನ್ರಿ?"

ನನ್ನ ಬಳಿ ಉತ್ತರ ಇರಲಿಲ್ಲ. "ಚಾಚಾ, ಸಬರ್ ಮಾಡ್ರಿ" ಎಂದಷ್ಟೇ ಹೇಳಿದೆ. ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ರಾತ್ರಿ ಮತ್ತೆ ತಫ್ಸೀರ್ ತೆರೆದೆ. ಬಿ.ಎ. ಓದುವಾಗ ಪ್ರಾಚೀನ ಇತಿಹಾಸದ ಪಾಠದಲ್ಲಿ ಕೇಳಿದ್ದನ್ನೂ ನೆನಪು ಮಾಡಿಕೊಂಡೆ. ಅಂದಿನಿಂದ ಓದುತ್ತ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಆ ಚಾಚಾಗೆ ತಡವಾಗಿ ಕೊಡುತ್ತಿರುವ ಉತ್ತರ.

ಹೀಬ್ರೂ ಗ್ರಂಥದ ಪ್ರಳಯ

ಯಹೂದಿ ಮತ್ತು ಕ್ರೈಸ್ತ ಬಾಂಧವರ ಗ್ರಂಥದ ಮೊದಲ ಭಾಗಕ್ಕೆ ಕನ್ನಡ ಬೈಬಲಿನಲ್ಲಿ ಆದಿಕಾಂಡ ಎಂದು ಹೆಸರು. ಅದರ 6ರಿಂದ 9ನೇ ಅಧ್ಯಾಯದವರೆಗೆ ನೋಹನ ಕಥೆ ಇದೆ. ನಮ್ಮ ನೂಹ್(ಅ) ಅಲ್ಲಿ ನೋಹ. ಭೂಮಿಯ ಮೇಲೆ ಹಿಂಸೆ, ಕೆಡುಕು ತುಂಬಿದ್ದರಿಂದ ದೇವರು ಪ್ರಳಯ ತರಲು ನಿಶ್ಚಯಿಸುತ್ತಾನೆ. ನೋಹನಿಗೆ ನಾವೆ ಕಟ್ಟಲು ಅಪ್ಪಣೆಯಾಗುತ್ತದೆ: ಉದ್ದ 300 ಮೊಳ, ಅಗಲ 50, ಎತ್ತರ 30, ಒಳಗೆ ಮೂರು ಅಂತಸ್ತು. ನಮ್ಮ ಅಳತೆಯಲ್ಲಿ ಸುಮಾರು 450 ಅಡಿ ಉದ್ದ. ನೋಹ, ಅವನ ಹೆಂಡತಿ, ಶೇಮ್, ಹಾಮ್, ಯೆಫೆತ್ ಎಂಬ ಮೂವರು ಮಕ್ಕಳು, ಅವರ ಹೆಂಡಂದಿರು, ಹೀಗೆ ಎಂಟು ಜನ ಅದನ್ನು ಏರುತ್ತಾರೆ. ಜೊತೆಗೆ ಪ್ರಾಣಿ ಪಕ್ಷಿಗಳು. ನೀರು ಇಳಿಯುವಾಗ ನೋಹ ಮೊದಲು ಕಾಗೆಯನ್ನು, ಆಮೇಲೆ ಪಾರಿವಾಳವನ್ನು ಬಿಟ್ಟು ನೋಡುತ್ತಾನೆ. ಪಾರಿವಾಳ ಆಲಿವ್ ಎಲೆ ಕಚ್ಚಿಕೊಂಡು ಬಂದಾಗ ನೆಲ ಕಾಣಿಸಿಕೊಂಡಿದೆ ಎಂದು ತಿಳಿಯುತ್ತದೆ.

ಈ ಕಥೆಯನ್ನು ಗಮನವಿಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದು ಕಡೆ ಪ್ರತಿ ಪ್ರಾಣಿಯಲ್ಲಿ ಒಂದು ಜೋಡಿ ಎಂದಿದೆ, ಇನ್ನೊಂದು ಕಡೆ ಶುದ್ಧ ಪ್ರಾಣಿಗಳಲ್ಲಿ ಏಳೇಳು ಎಂದಿದೆ. ಒಂದು ಕಡೆ ಪ್ರಳಯ 40 ದಿನ, ಇನ್ನೊಂದು ಕಡೆ ನೀರಿನ ಅಬ್ಬರ 150 ದಿನ. ದೇವರನ್ನು ಕರೆಯುವ ಹೆಸರೂ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. 18ನೇ ಶತಮಾನದಿಂದ ಈಚೆಗೆ ಯುರೋಪಿನ ಬೈಬಲ್ ವಿದ್ವಾಂಸರೇ ಇದನ್ನು ಶೋಧಿಸಿ, ಇಲ್ಲಿ ಎರಡು ಹಳೆಯ ನಿರೂಪಣೆಗಳು ಹೆಣೆದುಕೊಂಡಿವೆ ಎಂದು ಹೇಳಿದರು. ಒಂದೇ ಘಟನೆಯನ್ನು ಎರಡು ಮನೆಯ ಹಿರಿಯರು ಹೇಳಿದ್ದನ್ನು ಯಾರೋ ಒಂದೇ ಹಾಳೆಯಲ್ಲಿ ಬರೆದಿಟ್ಟ ಹಾಗೆ. ಇದನ್ನು ಹೇಳುವುದು ಯಾರನ್ನೂ ಹೀಯಾಳಿಸಲು ಅಲ್ಲ. ಗ್ರಂಥದವರು ಹೇಳುವುದನ್ನು ಕಣ್ಣುಮುಚ್ಚಿ ನಿಜವೆನ್ನಬೇಡಿ, ಸುಳ್ಳೆಂದೂ ತಳ್ಳಬೇಡಿ ಎಂಬುದು ಪ್ರವಾದಿ ಮುಹಮ್ಮದ್(ಸ)ರು ನಮಗೆ ಕಲಿಸಿದ ಅದಬು.

ನಿನೆವೆಯ ಮಣ್ಣಿನ ಹಲಗೆ

ಜಾರ್ಜ್ ಸ್ಮಿತ್ ಎಂಬವರು ಲಂಡನ್ನಿನಲ್ಲಿ ನೋಟು ಮುದ್ರಿಸುವ ಅಚ್ಚು ಕೊರೆಯುವ ಕೆಲಸ ಕಲಿತವರು. ಬಿಡುವಿನ ಹೊತ್ತಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಇರಾಕಿನಿಂದ ಬಂದ ಮಣ್ಣಿನ ಹಲಗೆಗಳ ಲಿಪಿ ಓದಲು ಕಲಿತರು. ಆ ಹಲಗೆಗಳು ಮೋಸುಲ್ ಪಕ್ಕದ ನಿನೆವೆ ಪಟ್ಟಣದ ಅರಸ ಅಶೂರ್‌ಬಾನಿಪಾಲನ ಗ್ರಂಥಾಲಯದವು, ಕ್ರಿಸ್ತಪೂರ್ವ 7ನೇ ಶತಮಾನದವು. 1872ರ ಡಿಸೆಂಬರ್ 3ರಂದು ಸ್ಮಿತ್ ಒಂದು ಸಭೆಯಲ್ಲಿ ಅವುಗಳಲ್ಲೊಂದನ್ನು ಓದಿ ಹೇಳಿದಾಗ ಯುರೋಪೇ ಬೆರಗಾಯಿತು. ಗಿಲ್ಗಮೇಶ್ ಕಾವ್ಯದ 11ನೇ ಹಲಗೆ ಅದು. ಅಲ್ಲಿಯೂ ಪ್ರಳಯ ಇತ್ತು, ನಾವೆ ಇತ್ತು, ಬೆಟ್ಟದ ಮೇಲೆ ನಿಂತ ನಾವೆಯಿಂದ ಬಿಟ್ಟ ಪಾರಿವಾಳ ಮತ್ತು ಕಾಗೆ ಇದ್ದವು. ಇದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯ ಅತ್ರಹಾಸಿಸ್ ಎಂಬ ಇನ್ನೊಂದು ಕಥನವೂ ಸಿಕ್ಕಿದೆ. ನಮ್ಮ ದೇಶದಲ್ಲಿ ಮನು ಮತ್ತು ಮೀನಿನ ಪ್ರಳಯ ಕಥೆ ಶತಪಥ ಬ್ರಾಹ್ಮಣದಲ್ಲಿದೆ. ನಮ್ಮ ನೆರೆಹೊರೆಯವರಿಗೆ ಅದು ಚೆನ್ನಾಗಿ ಗೊತ್ತು.

ಮುಂದೆ 1929ರಲ್ಲಿ ಲಿಯೊನಾರ್ಡ್ ವುಲಿ ಎಂಬ ಉತ್ಖನನಕಾರರು ಇರಾಕಿನ ಊರ್ ಎಂಬಲ್ಲಿ ಆಳವಾಗಿ ಅಗೆದಾಗ ಆಳೆತ್ತರಕ್ಕಿಂತ ದಪ್ಪನಾದ ನೆರೆಯ ಮೆಕ್ಕಲುಮಣ್ಣು ಸಿಕ್ಕಿತು. ನೂಹರ ಪ್ರಳಯ ಸಿಕ್ಕಿತು ಎಂದು ಸುದ್ದಿ ಹಬ್ಬಿತು. ಆದರೆ ಕಿಶ್, ಶುರುಪ್ಪಾಕ್ ಮುಂತಾದ ಕಡೆ ಸಿಕ್ಕ ಮೆಕ್ಕಲು ಬೇರೆ ಬೇರೆ ಕಾಲದ್ದೆಂದು ಆಮೇಲೆ ತಿಳಿಯಿತು. ದಜಲಾ, ಫುರಾತ್ ನದಿಗಳ ಬಯಲಿನಲ್ಲಿ ಒಂದಲ್ಲ, ಅನೇಕ ಮಹಾನೆರೆಗಳು ಆಗಿದ್ದವು. ಎರಡು ನದಿಗಳ ನಡುವೆ ಬದುಕಿದ ಜನಕ್ಕೆ ನೀರಿನ ಭಯ ಪುಸ್ತಕದ ಮಾತಾಗಿರಲಿಲ್ಲ. ಇದು ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ನಡುವೆ ಬದುಕಿ 2009ರ ನೆರೆಯನ್ನೂ 2019ರ ನೆರೆಯನ್ನೂ ಕಂಡ ನಮಗೆ ಬೇಗ ಅರ್ಥವಾಗುತ್ತದೆ.

ಕಥೆ ಒಂದೇ ರೀತಿ ಇದ್ದರೂ ಕಾರಣ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. ಅತ್ರಹಾಸಿಸ್ ಕಥನದಲ್ಲಿ ದೇವತೆಯೊಬ್ಬನಿಗೆ ಮನುಷ್ಯರ ಗದ್ದಲದಿಂದ ನಿದ್ದೆ ಬರುವುದಿಲ್ಲ, ಅದಕ್ಕಾಗಿ ಪ್ರಳಯ. ಹೀಬ್ರೂ ಗ್ರಂಥ ಅದನ್ನು ಬದಲಿಸಿ, ಕಾರಣ ಗದ್ದಲವಲ್ಲ, ಹಿಂಸೆ ಎಂದಿತು. ದೇವರ ಕೋಪಕ್ಕೂ ನ್ಯಾಯದ ಲೆಕ್ಕ ಇದೆ ಎಂದು ಹೇಳಿದ ದೊಡ್ಡ ಹೆಜ್ಜೆ ಅದು. ಹಾಗಾದರೆ ಪವಿತ್ರ ಕುರ್‌ಆನ್ ಎಲ್ಲಿ ಒತ್ತು ಕೊಡುತ್ತದೆ?

ಕುರ್‌ಆನ್ ತೋರಿಸುವ ಜಗಳ

ಸೂರಾ ಹೂದ್‌ನ 25ರಿಂದ 49ನೇ ವಚನದವರೆಗೆ ಈ ವೃತ್ತಾಂತ ವಿವರವಾಗಿ ಬರುತ್ತದೆ. ನಾವೆಯ ಅಳತೆ ಅಲ್ಲಿ ಇಲ್ಲ. ಪ್ರಾಣಿಗಳ ಪಟ್ಟಿ ಇಲ್ಲ. ಎಷ್ಟು ದಿನ ಎಂಬ ಲೆಕ್ಕ ಇಲ್ಲ. ಬದಲಿಗೆ ನೀರು ಬರುವ ಮುಂಚೆ ಊರಲ್ಲಿ ನಡೆದ ವಾದವೇ ಅರ್ಧಕ್ಕಿಂತ ಹೆಚ್ಚು ಜಾಗ ತೆಗೆದುಕೊಂಡಿದೆ.

ಆ ವಾದ ಏನು? ನೂಹ್(ಅ)ರ ಕೌಮಿನ ಪ್ರಮುಖರು ಹೇಳುವುದರ ಸಾರ ಇದು: ನಿನ್ನ ಹಿಂದೆ ಬಂದವರು ನಮ್ಮಲ್ಲಿನ ಕೀಳು ಜನ, ತಿಳಿವಳಿಕೆ ಇಲ್ಲದವರು, ಅವರ ಜೊತೆ ನಾವು ಕೂರುವುದು ಹೇಗೆ? ಸೂರಾ ಶುಅರಾದಲ್ಲಿಯೂ ಇದೇ ಆಕ್ಷೇಪ ಬರುತ್ತದೆ. ಅವರನ್ನು ಹೊರಗೆ ಹಾಕಿದರೆ ನೋಡೋಣ ಎಂಬ ಇಂಗಿತ. ನೂಹ್(ಅ)ರು ಒಪ್ಪಲಿಲ್ಲ. ವಿಶ್ವಾಸವಿಟ್ಟವರನ್ನು ನಾನು ಓಡಿಸಲಾರೆ, ಓಡಿಸಿದರೆ ಅಲ್ಲಾಹನ ಹಿಡಿತದಿಂದ ನನ್ನನ್ನು ಯಾರು ಉಳಿಸುತ್ತಾರೆ ಎಂದು ಕೇಳಿದರು. ನಿಮ್ಮ ಕಣ್ಣಿಗೆ ಹೀನರಾಗಿ ಕಂಡವರಿಗೆ ಅಲ್ಲಾಹನು ಒಳಿತನ್ನು ಕೊಡುವುದಿಲ್ಲ ಎಂದು ನಾನು ಹೇಳಲಾರೆ ಎಂದರು.

ಈಗ ನಾವೆ ಹತ್ತಿದವರನ್ನು ನೋಡಿ. ಆದಿಕಾಂಡದಲ್ಲಿ ಹತ್ತಿದವರು ಎಂಟು ಜನ, ಎಂಟೂ ಒಂದೇ ಮನೆಯವರು. ಕುರ್‌ಆನಿನ ನಾವೆಯಲ್ಲಿ ಮನೆಯವರ ಜೊತೆಗೆ ವಿಶ್ವಾಸಿಗಳೂ ಇದ್ದಾರೆ. ಅವರು ಕೆಲವೇ ಮಂದಿ, ಊರ ಗೌಡಿಕೆಯವರು ಕೀಳೆಂದು ಕರೆದ ಅದೇ ಜನ. ಇತ್ತ ಮನೆಯವನೇ ಆದ ಒಬ್ಬ ಮಗ ಹೊರಗೆ ಉಳಿಯುತ್ತಾನೆ. ಬೆಟ್ಟ ಹತ್ತಿದರೆ ಬದುಕುತ್ತೇನೆ ಎನ್ನುತ್ತಾನೆ. ತಂದೆ ಕರೆಯುತ್ತಲೇ ಇರುತ್ತಾರೆ. ಇಬ್ಬರ ನಡುವೆ ಅಲೆ ಬರುತ್ತದೆ. ತಂದೆಯ ಕರುಳು ಸುಮ್ಮನಿರಲಿಲ್ಲ, ಅವನು ನನ್ನ ಮನೆಯವನು ಎಂದು ಅಲ್ಲಾಹನಲ್ಲಿ ಮೊರೆಯಿಟ್ಟರು. ಅವನು ನಿನ್ನ ಮನೆಯವನಲ್ಲ ಎಂಬ ಉತ್ತರ ಬಂತು. ಪ್ರವಾದಿಯ ಮಗ ಎಂಬ ನಂಟೂ ಕೆಲಸಕ್ಕೆ ಬರಲಿಲ್ಲ. ಕೆಳಗಿನ ಓಣಿಯವರು ನಾವೆಯಲ್ಲಿದ್ದರು, ಎತ್ತರದ ಜಾಗವನ್ನು ನಂಬಿದವನು ಮುಳುಗಿದನು.

ನಾನು ಆ ಶುಕ್ರವಾರ ಈ ಪಾಠವನ್ನೇ ತಲೆಕೆಳಗು ಮಾಡಿದ್ದೆ. ಬಡವರನ್ನು ಹೀನವಾಗಿ ಕಂಡವರ ವಿರುದ್ಧ ಬಂದ ವೃತ್ತಾಂತವನ್ನು, ನೀರಿನಲ್ಲಿ ಮನೆ ಕಳೆದುಕೊಂಡ ಬಡವರ ಮೇಲೆಯೇ ಪ್ರಯೋಗಿಸಿದ್ದೆ.

ಪ್ರಳಯ ಇಡೀ ಭೂಮಿಗೆ ಬಂತೇ, ನೂಹ್(ಅ)ರ ಕೌಮಿನ ನಾಡಿಗೆ ಮಾತ್ರ ಬಂತೇ ಎಂದು ಯುವಕರು ಕೇಳುತ್ತಾರೆ. ಹಿಂದಿನ ಮುಫಸ್ಸಿರರಲ್ಲಿ ಹೆಚ್ಚಿನವರು ಇಡೀ ಭೂಮಿ ಎಂದರು. ಈಚಿನ ಹಲವರು, ನೂಹ್(ಅ)ರು ತಮ್ಮ ಕೌಮಿಗೆ ಬಂದ ಪ್ರವಾದಿಯಾದ್ದರಿಂದ ಶಿಕ್ಷೆಯೂ ಆ ಕೌಮಿಗೇ ಎನ್ನುತ್ತಾರೆ. ನಾವೆ ನಿಂತ ಜಾಗವನ್ನು ಕುರ್‌ಆನ್ ಜೂದಿ ಎನ್ನುತ್ತದೆ. ಇಂದಿನ ತುರ್ಕಿಯ ಆಗ್ನೇಯಕ್ಕೆ, ಜಿಜ್ರೆ ಪಟ್ಟಣದ ಹತ್ತಿರ ಆ ಹೆಸರಿನ ಬೆಟ್ಟ ಇದೆ. ಆದಿಕಾಂಡ ಅರಾರಾಟ್ ಬೆಟ್ಟಗಳು ಎನ್ನುತ್ತದೆ. ಅದು ಒಂದು ಶಿಖರದ ಹೆಸರಲ್ಲ, ಉರಾರ್ಟು ಎಂಬ ಹಳೆಯ ರಾಜ್ಯದ ಹೆಸರು. ಮರದ ತುಂಡು ಸಿಕ್ಕಿತು ಎಂಬ ವಿಡಿಯೋಗಳನ್ನು ವಾಟ್ಸಾಪ್‌ನಲ್ಲಿ ಹಂಚುವುದಕ್ಕಿಂತ, ನಾವೆಯಲ್ಲಿ ಯಾರ ಪಕ್ಕ ಯಾರು ಕೂತಿದ್ದರು ಎಂದು ಮಕ್ಕಳಿಗೆ ಹೇಳುವುದು ಒಳ್ಳೆಯದು.

ನೀರು ಇಳಿದ ಮೇಲೆ: ಒಂದು ಶಾಪ

ಹೀಬ್ರೂ ಕಥೆ ಪ್ರಳಯಕ್ಕೆ ಮುಗಿಯುವುದಿಲ್ಲ. ನೀರು ಇಳಿದ ಮೇಲೆ ದೇವರು ಕಾಮನಬಿಲ್ಲನ್ನು ಗುರುತಾಗಿಟ್ಟು, ಇನ್ನು ಇಂಥ ಪ್ರಳಯ ತರುವುದಿಲ್ಲ ಎಂದು ಎಲ್ಲ ಜೀವಿಗಳಿಗೂ ಮಾತು ಕೊಡುತ್ತಾನೆ. ಆಮೇಲೆ ಬರುವ ಭಾಗವನ್ನು ನಾವು ಒಪ್ಪುವುದಿಲ್ಲ. ನೋಹ ದ್ರಾಕ್ಷಾರಸ ಕುಡಿದು ಡೇರೆಯಲ್ಲಿ ಬೆತ್ತಲಾಗಿ ಮಲಗಿದ, ಮಗ ಹಾಮ್ ಅದನ್ನು ನೋಡಿದ, ಎಚ್ಚರವಾದ ನೋಹ ಹಾಮನ ಮಗ ಕಾನಾನನಿಗೆ ದಾಸನಾಗೆಂದು ಶಾಪ ಕೊಟ್ಟ ಎಂದು ಅಲ್ಲಿದೆ. ಪ್ರವಾದಿಗಳು ಇಂಥ ನಡತೆಯಿಂದ ದೂರ ಎಂಬುದು ನಮ್ಮ ಅಕೀದಾ. ಕುರ್‌ಆನಿನಲ್ಲಿ ಈ ಪ್ರಸಂಗವೇ ಇಲ್ಲ, ಆ ಮೂವರು ಮಕ್ಕಳ ಹೆಸರೂ ಇಲ್ಲ.

ಇತಿಹಾಸದಲ್ಲಿ ಈ ಕಥೆ ಮಾಡಿದ ಕೆಲಸವನ್ನು ಮಾತ್ರ ನಾವು ತಿಳಿದಿರಬೇಕು. ಮೂಲದಲ್ಲಿ ಶಾಪ ಕಾನಾನನಿಗೆ. ಅದು ಕಾನಾನ್ ನಾಡಿನ ಜನರ ಜೊತೆ ಇಸ್ರಾಯೀಲರಿಗೆ ಇದ್ದ ಹಗೆಯ ನೆರಳು ಎನ್ನುತ್ತಾರೆ ವಿದ್ವಾಂಸರು. ಮೈಬಣ್ಣದ ಮಾತು ಅಲ್ಲಿ ಒಂದೂ ಇಲ್ಲ. ಆದರೆ ನಂತರದವರು ಶಾಪವನ್ನು ಹಾಮನ ಮೇಲೆ ಹಾಕಿ, ಆಫ್ರಿಕಾದ ಕಪ್ಪು ಜನರೆಲ್ಲ ಅವನ ಸಂತತಿ, ಗುಲಾಮರಾಗುವುದು ಅವರ ಹಣೆಬರಹ ಎಂದರು. 19ನೇ ಶತಮಾನದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಎಷ್ಟೋ ಪಾದ್ರಿಗಳು ಇದನ್ನೇ ಬೋಧಿಸಿ ಗುಲಾಮಗಿರಿಗೆ ಬೆಂಬಲ ಕೊಟ್ಟರು.

ನಾವು ಕೈ ತೊಳೆದುಕೊಳ್ಳುವಂತಿಲ್ಲ. ಇಸ್ರಾಯೀಲಿಯಾತ್ ಎಂದು ಕರೆಯುವ ಈ ರಿವಾಯತುಗಳು ನಮ್ಮ ಇತಿಹಾಸ ಗ್ರಂಥಗಳಿಗೂ ನುಸುಳಿದವು. 923ರಲ್ಲಿ ತೀರಿಹೋದ ಮಹಾ ಇತಿಹಾಸಕಾರ ತಬರಿಯವರ ಗ್ರಂಥದಲ್ಲಿಯೂ ಇಂಥ ಮಾತುಗಳು ದಾಖಲಾಗಿವೆ. ಅದನ್ನು ಖಂಡಿಸಿದವರೂ ನಮ್ಮವರೇ. ಇಬ್ನ್ ಖಲ್ದೂನ್ (1332–1406) ತಮ್ಮ ಮುಕದ್ದಿಮಾದಲ್ಲಿ, ಮೈಬಣ್ಣ ಬಿಸಿಲು ಮತ್ತು ಹವಾಮಾನದಿಂದ ಬರುತ್ತದೆ, ಶಾಪದಿಂದಲ್ಲ, ತೌರಾತಿನಲ್ಲಿ ಬಣ್ಣದ ಮಾತೇ ಇಲ್ಲ ಎಂದು ವಿವರಿಸಿದರು. ಟಿಂಬಕ್ಟುವಿನ ಆಲಿಮ್ ಅಹ್ಮದ್ ಬಾಬಾ (1556–1627) ಕೂಡ, ಹಾಮನ ಶಾಪ ಗುಲಾಮಗಿರಿಗೆ ಆಧಾರವಾಗದು ಎಂದು ಬರೆದರು.

ಇದು ದೂರದ ಮಾತಲ್ಲ. ಕಿತ್ತೂರಿನಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ಹೋದರೆ ಖಾನಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಅವರ ಪೂರ್ವಿಕರಲ್ಲಿ ಅನೇಕರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತರಲಾಗಿತ್ತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅದೇ ಆಫ್ರಿಕಾದಿಂದ ಬಂದ ಹಬ್ಶಿಗಳು ದಖನಿನ ಇತಿಹಾಸವನ್ನೇ ನಡೆಸಿದರು. ಗುಲಾಮರಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರ ರಾಜ್ಯವನ್ನು ಮೊಘಲರ ಎದುರು ಎತ್ತಿ ಹಿಡಿದರು. ವಿಜಯಪುರದ ಮುಹಮ್ಮದ್ ಆದಿಲ್ ಷಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ದೊಡ್ಡ ಅಧಿಕಾರ ನಡೆಸಿದರು. ಮದುವೆ ಮಾತುಕತೆಯಲ್ಲಿ ಬಣ್ಣ ಅಳೆಯುವವರು, ನದಾಫರು, ಪಿಂಜಾರರು, ಕಸಾಯಿಗಳು ಎಂದು ಮನೆತನವನ್ನು ಕೀಳು ಮಾಡಿ ಆಡುವವರು ತಮಗೆ ಅರಿವಿಲ್ಲದೆಯೇ ಆ ಶಾಪದ ಕಥೆಯನ್ನು ನಂಬುತ್ತಿದ್ದಾರೆ. ಮೊದಲ ಅಜಾನ್ ಕೊಟ್ಟ ಬಿಲಾಲ್(ರ)ರು ಹಬ್ಶಿ ಎಂಬುದನ್ನು ಅವರಿಗೆ ನೆನಪು ಮಾಡಬೇಕು.

ಹೀಬ್ರೂ ಕಥೆಯ ಕೊನೆಯಲ್ಲಿ ವಂಶದ ಮೇಲೆ ಶಾಪ ಬೀಳುತ್ತದೆ. ಕುರ್‌ಆನಿನ ಕೊನೆಯಲ್ಲಿ ವಂಶ ಎಂಬ ಆಸರೆಯೇ ಕಳಚಿ ಬೀಳುತ್ತದೆ. ಶಾಂತಿಯಿಂದ ಇಳಿ ಎಂದು ನೂಹ್(ಅ)ರಿಗೆ ಅಪ್ಪಣೆಯಾದಾಗ ಆ ಬರಕತ್ತಿನಲ್ಲಿ ಅವರ ಸಂಗಡಿಗರಿಗೂ ಪಾಲಿತ್ತು.

ಮಲಪ್ರಭೆಯ ದಂಡೆಗೆ ಮರಳಿ

ಹಾಗಾದರೆ ನೆರೆ ಶಿಕ್ಷೆಯಲ್ಲವೇ? ಮನುಷ್ಯರಿಗೆ ಬರುವ ಕಷ್ಟ ಅವರ ಕೈಗಳ ಗಳಿಕೆ ಎಂದು ಕುರ್‌ಆನಿನಲ್ಲಿಯೇ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಆದರೆ ಆ ಮಾತು ಕನ್ನಡಿಯಂತೆ ನಮ್ಮ ಮುಖ ನೋಡಿಕೊಳ್ಳಲು, ನೆರೆಮನೆಯವನ ಕಡೆ ಬೆರಳು ತೋರಿಸಲು ಅಲ್ಲ. ಪ್ರವಾದಿ ಕಳಿಸದೆ ಅಲ್ಲಾಹನು ಯಾವ ಜನಾಂಗವನ್ನೂ ಶಿಕ್ಷಿಸುವುದಿಲ್ಲ ಎಂದೂ ಅದೇ ಗ್ರಂಥದಲ್ಲಿದೆ. ನೂಹ್(ಅ)ರು 950 ವರ್ಷ ಕರೆದ ಮೇಲೆ, ವಹೀ ಬಂದ ಮೇಲೆ, ಅದು ಶಿಕ್ಷೆ ಎಂದು ತಿಳಿಯಿತು. ಇಂದು ವಹೀ ಇಲ್ಲ. ಈ ಊರಿನ ನೀರು ಇಂಥವರ ಪಾಪಕ್ಕೆ ಬಂತು ಎಂದು ಹೇಳುವ ಹಕ್ಕು ಯಾವ ಇಮಾಮನಿಗೂ ಇಲ್ಲ. ಮೋಡ ಕವಿದರೆ ಪ್ರವಾದಿ(ಸ)ರ ಮುಖ ಬಾಡುತ್ತಿತ್ತು, ಒಳಗೆ ಹೊರಗೆ ಓಡಾಡುತ್ತಿದ್ದರು ಎಂದು ಹಜ್ರತ್ ಆಯಿಷಾ(ರ)ರು ತಿಳಿಸಿದ್ದಾರೆ. ಅವರು ಹೆದರಿದರು, ಯಾರನ್ನೂ ದೂರಲಿಲ್ಲ.

ಇನ್ನೂ ದೊಡ್ಡ ಮಾತೊಂದಿದೆ. ನೀರಿನಲ್ಲಿ ಮುಳುಗಿ ಸತ್ತವರೂ, ಗೋಡೆ ಕುಸಿದು ಸತ್ತವರೂ ಶಹೀದರು ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ನಮ್ಮ ನಾಡಿನ ನೆರೆಯಲ್ಲಿ ಜೀವ ಹೋಗುವುದು ಈ ಎರಡೇ ರೀತಿಯಲ್ಲಿ. ಪ್ರವಾದಿ(ಸ)ರು ಶಹೀದ್ ಎಂದವರನ್ನು ನಾವು ಪಾಪಿಗಳು ಎನ್ನುವುದೇ?

ಕೈಗಳ ಗಳಿಕೆ ಎಂಬುದಕ್ಕೆ ಇನ್ನೊಂದು ನೇರ ಅರ್ಥವೂ ಇದೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಅಣೆಕಟ್ಟು ಆದ ಮೇಲೆ ಕೆಳಗೆ ಎಷ್ಟೋ ವರ್ಷ ನದಿ ಬತ್ತಿದಂತೆ ಇರುತ್ತದೆ. ಆಗ ದಂಡೆಯನ್ನು ಉತ್ತು ಹೊಲ ಮಾಡುತ್ತೇವೆ, ಪಾತ್ರದಲ್ಲಿ ಮುಳ್ಳುಕಂಟಿ ಬೆಳೆಯಲು ಬಿಡುತ್ತೇವೆ, ಮರಳು ತೋಡುತ್ತೇವೆ. ನದಿಗೆ ಹರಿಯಲು ಜಾಗ ಉಳಿಯುವುದಿಲ್ಲ. ಒಂದು ವರ್ಷ ನೀರು ತನ್ನ ಹಳೆಯ ಜಾಗ ಕೇಳಿಕೊಂಡು ಬರುತ್ತದೆ. ಜಾಗ ಕಸಿದುಕೊಂಡವರು ಒಬ್ಬರು, ಮುಳುಗುವವರು ಇನ್ನೊಬ್ಬರು. ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು ಪಾಪದಿಂದ ಅಲ್ಲಿಗೆ ಹೋದವರಲ್ಲ, ಎತ್ತರದಲ್ಲಿ ಜಾಗ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದೆ ಹೋದವರು.

ಆದ್ದರಿಂದ ಜಮಾತುಗಳಿಗೆ ನನ್ನ ಮನವಿ ಇಷ್ಟೇ. ಮುಂದಿನ ಸಲ ಮಲಪ್ರಭೆ ಏರಿದಾಗ ಎತ್ತರದಲ್ಲಿರುವ ಮಸೀದಿ, ಮದರಸಾ, ಶಾದಿಮಹಲಿನ ಬಾಗಿಲು ಮೊದಲ ದಿನವೇ ತೆರೆಯಲಿ. ಯಾವ ಧರ್ಮ, ಯಾವ ಓಣಿ ಎಂದು ಕೇಳದೆ ತೆರೆಯಲಿ. ನೂಹ್(ಅ)ರು ಹಲಗೆ ಜೋಡಿಸುತ್ತಿದ್ದಾಗ ದಾರಿಹೋಕರು ನಗುತ್ತಿದ್ದರು, ಅವರು ಮಳೆಗೆ ಮುಂಚೆಯೇ ಕೆಲಸ ಮಾಡಿದರು. ಪಟ್ಟಿ ಮಾಡಿಡುವುದು, ಹಾಸಿಗೆ, ಔಷಧಿ, ಹಿಟ್ಟು ಕೂಡಿಡುವುದು ಸಹ ಅದೇ ಸುನ್ನತ್ತು.

ಆ ಚಾಚಾ ಈಗ ಇನ್ನೊಂದು ಊರಿನಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಕಳೆದ ರಮಜಾನಿನಲ್ಲಿ ಹೋಗಿ ಭೇಟಿಯಾದೆ. "ಚಾಚಾ, ಅವತ್ತು ನಾ ತಪ್ಪು ಹೇಳಿದ್ದೆ, ಮಾಫ್ ಮಾಡ್ರಿ" ಎಂದೆ. ಅವರು ನನ್ನ ಕೈ ಹಿಡಿದುಕೊಂಡು, "ಇದನ್ನ ಜುಮಾದಾಗ ಹೇಳ್ರಿ ಹಜರತ್, ನನ್ನ ಮುಂದ ಅಷ್ಟ ಬ್ಯಾಡ" ಎಂದರು. ಜುಮಾದಲ್ಲಿ ಹೇಳಿದ್ದೇನೆ. ಈಗ ಬರೆದೂ ಇದ್ದೇನೆ.

ನಮ್ಮ ನಾಡಿನ ನದಿಗಳನ್ನು ಅಲ್ಲಾಹನು ರಹಮತ್ತಾಗಿ ಇಡಲಿ, ನೀರಿನಲ್ಲಿ ತೀರಿಹೋದವರಿಗೆ ಶಹೀದರ ದರ್ಜೆ ಕೊಡಲಿ, ಬೇರೆಯವರ ಕಷ್ಟದಲ್ಲಿ ಅವರ ಪಾಪ ಹುಡುಕುವ ನಮ್ಮ ನಾಲಿಗೆಯನ್ನು ಸರಿಪಡಿಸಲಿ. ಆಮೀನ್.